ರಾಮಾಂಜಿನಪ್ಪನವರ ಕೈಗೆ ಹತ್ತಿದ ಗಂಧಕ

ಆಗ ಮೇಲೂರಿನಲ್ಲಿ ರೇಷ್ಮೆ ಹುಳ ಸಾಕುವ ಮನೆಗಳು ನಲವತ್ತು. ನಲವತ್ತು ಮನೆಯಲ್ಲೂ ಹುಳ ಹಣ್ಣಾದ ದಿನ ಮೊದಲು ಕೂಗುತ್ತಿದ್ದ ಹೆಸರು ಒಂದೇ, ಆವುಲಪ್ಪ. ಅದು ನಾನು. ಹುಳ ಹೆಚ್ಚುಕಡಿಮೆ ಒಂದು ತಿಂಗಳು ಸೊಪ್ಪು ಮೇದು, ಇನ್ನು ಸಾಕೆನಿಸಿ, ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದಲ್ಲ, ಅದನ್ನೇ ನಾವು ಹಣ್ಣಾಗುವುದು ಎನ್ನುತ್ತೇವೆ. ಆ ಗಳಿಗೆಯಲ್ಲಿ ಅದನ್ನು ತಟ್ಟೆಯಿಂದ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ಚಾಪೆಗೆ, ಬಿಡಬೇಕು. ಮುಂಚೆ ಬಿಟ್ಟರೆ ಹಸಿದು ಅಲೆದಾಡುತ್ತದೆ. ತಡ ಮಾಡಿದರೆ ಹೊಟ್ಟೆಯ ನೂಲನ್ನೆಲ್ಲ ಸೊಪ್ಪಿನ ಕಡ್ಡಿಗೆ ಸುತ್ತಿ ಮಣ್ಣುಪಾಲು ಮಾಡುತ್ತದೆ.

ಆ ಗಳಿಗೆ ದೇವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ನಾನು ನಿಮಿಷಕ್ಕೆ ನಾನೂರು ಹುಳ ಆರಿಸುತ್ತಿದ್ದೆ. ನನ್ನ ಹೆಂಡತಿ ಗಂಗುಲಮ್ಮ ನಲವತ್ತು ಎನ್ನುತ್ತಾಳೆ. ಅವಳಿಗೆ ಎಣಿಕೆ ಬರುವುದಿಲ್ಲ. ನನ್ನ ಬೆರಳು ಓಡುವುದನ್ನು ನೋಡಲೆಂದೇ ನಗರಗೆರೆಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಬಂದವರು ಬೆರಳೇ ಕಾಣದೆ, ಮುಖಕ್ಕೆ ಬರೀ ಗಾಳಿ ಬಡಿಸಿಕೊಂಡು, ವಾಪಸು ಹೋಗುತ್ತಿದ್ದರು.

ಇಂಥ ನನ್ನನ್ನು ಐವತ್ತೆಂಟನೇ ಇಸವಿಯಲ್ಲಿ ರಾಮಾಂಜಿನಪ್ಪನವರು ಒಂದು ನಾಯಿಮರಿಯ ನೆಪದಿಂದ ಬೀದಿಗೆ ತಳ್ಳಿದರು.

ರಾಮಾಂಜಿನಪ್ಪನವರದು ಊರಿಗೇ ದೊಡ್ಡ ಹಿಪ್ಪುನೇರಳೆ ತೋಟ, ಊರಿಗೇ ದೊಡ್ಡ ಹುಳದ ಮನೆ, ಊರಿಗೇ ದೊಡ್ಡ ಮೀಸೆ. ಆ ಮೀಸೆಯ ಎರಡು ತುದಿಗೂ ಒಂದೊಂದು ಹಸು ಕಟ್ಟಬಹುದಿತ್ತು. ಅವರ ಬೇಟೆನಾಯಿ ರಾಣಿಯನ್ನು ಯಾವುದೋ ದೊರೆ ಗೌರಿಬಿದನೂರು ಸ್ಟೇಷನ್ನಿನಲ್ಲಿ ರೈಲು ನಿಲ್ಲಿಸಿ ತಮ್ಮ ಕೈಗೆ ಕೊಟ್ಟು ಹೋದನೆಂದು ಅವರು ಹೇಳಿಕೊಳ್ಳುತ್ತಿದ್ದರು. ಜನ ಎಷ್ಟೊಂದು ಸುಳ್ಳು ಹೇಳುತ್ತಾರೆ ನೋಡಿ.

ರಾಣಿ ಆರು ಮರಿ ಹಾಕಿತು. ಐದು ಮರಿ ಚಿಕ್ಕಬಳ್ಳಾಪುರದ ದೊಡ್ಡ ದೊಡ್ಡ ಮನೆಗಳಿಗೆ ಹೋದವು. ಆರನೆಯದು, ಅಂಗೈ ಅಗಲದ ಒಂದು ಮರಿ, ಯಾರಿಗೂ ಬೇಡವಾಗಿ ಉಳಿದಿತ್ತು. ಅದನ್ನು ಅವರು ಹತ್ತು ಜನರ ಎದುರು ನನ್ನ ಮಡಿಲಿಗೆ ಹಾಕಿ, "ತಗೋ ಆವುಲಪ್ಪಾ, ಇನಾಮು," ಎಂದರು. ನಾನು ಅದಕ್ಕೆ ಸುಬೇದಾರ ಎಂದು ಹೆಸರಿಟ್ಟೆ.

ಎರಡು ತಿಂಗಳಾಗುವಷ್ಟರಲ್ಲಿ ಸುಬೇದಾರನ ಕಿವಿಯ ಅಂಚಿನಲ್ಲಿ ಹೊಟ್ಟು ಎದ್ದಿತು. ಆಮೇಲೆ ಮೊಣಕೈ, ಆಮೇಲೆ ಹೊಟ್ಟೆ, ಆಮೇಲೆ ಬಾಲ, ಒಂದೊಂದು ಕಡೆಯೂ ಕೂದಲು ಉದುರಿ ಚರ್ಮ ಕೆಂಪಾಗಿ ಆನೆಯ ಚರ್ಮದಂತೆ ದಪ್ಪಗಾಯಿತು. ಹಗಲೆಲ್ಲ ಕೆರೆದುಕೊಳ್ಳುತ್ತಿತ್ತು. ಆ ಸದ್ದಿಗೆ ಅಂಬಾಜಿದುರ್ಗದ ಕೋಟೆಯ ಕಲ್ಲು ಎರಡು ಉರುಳಿದವೆಂದು ಆ ಕಡೆಯವರು ಬಂದು ದೂರು ಹೇಳಿದ್ದುಂಟು.

ಕಾರ್ತೀಕದಲ್ಲಿ ರಾಮಾಂಜಿನಪ್ಪನವರ ಹುಳ ಹಣ್ಣಾಯಿತು. ಎಂದಿನಂತೆ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಹೋದೆ. ಸುಬೇದಾರ ಹಿಂದೆಯೇ ಕುಂಟಿಕೊಂಡು ಬಂದದ್ದನ್ನು ನಾನು ನೋಡಲಿಲ್ಲ. ಹುಳದ ಮನೆಯ ಬಾಗಿಲಲ್ಲಿ ಇಪ್ಪತ್ತು ಜನ ಆಳುಗಳು, ನೆರೆಯವರು ಸೇರಿದ್ದರು. ರಾಮಾಂಜಿನಪ್ಪನವರು ಬಾಗಿಲಿಗೆ ಅಡ್ಡ ಕೈ ಚಾಚಿದರು.

"ಅಲ್ಲೇ ನಿಂತ್ಕೊಳ್ಳೋ."

"ಯಾಕೆ ಯಜಮಾನ್ರೇ? ಅಮ್ಮನೋರು ಹೇಳಿ ಕಳ್ಸಿದ್ರು, ಹುಳ ಹಣ್ಣಾಗೈತೆ ಅಂತ."

"ಹುಳ ಹಣ್ಣಾಗೈತೆ, ನೀನು ಕೊಳೆತುಹೋಗಿದ್ದೀಯ. ನೋಡ್ರಪ್ಪಾ ಎಲ್ರೂ! ನಾನು ಕೊಟ್ಟಾಗ ಆ ಮರಿ ಹೆಂಗಿತ್ತು, ಈಗ ಹೆಂಗೈತೆ! ಇವನ ಮನೆ ಗೋಡೇಲೇ ಕಜ್ಜಿ ಐತೆ. ಆ ಮನೇಲಿ ಮಲಗಿ ಎದ್ದ ಕೈಲಿ ನನ್ನ ಹುಳ ಮುಟ್ತಾನಂತೆ!"

"ಯಜಮಾನ್ರೇ, ನನ್ನ ಕೈ ನೋಡಿ, ಏನೂ ಇಲ್ಲ..."

"ಛೀ, ಹಿಂದಕ್ಕೆ ಹೋಗೋ. ಕಜ್ಜಿನಾಯಿಗೆ ಕಜ್ಜಿ ದಣಿ!"

ಇಪ್ಪತ್ತು ಜನ ನಕ್ಕರು. ನನ್ನ ನೆರೆಮನೆಯ ಎರ್ರಪ್ಪ, ನನ್ನ ಜೊತೆ ಒಂದೇ ಎಲೆಯಲ್ಲಿ ಉಂಡವನು, ಎಲ್ಲರಿಗಿಂತ ಜೋರಾಗಿ ನಕ್ಕ. ನಿಜ ಹೇಳುತ್ತೇನೆ, ಮುಂಗೈ ಒಳಭಾಗದಲ್ಲಿ ನನಗೂ ನಾಲ್ಕು ಗುಳ್ಳೆ ಎದ್ದಿದ್ದವು. ತೋಳು ಮಡಿಸಿ ಮುಚ್ಚಿಕೊಂಡು ಮನೆಗೆ ಬಂದೆ.

ಆ ವಾರ ಇನ್ನೂ ಆರು ಮನೆಯಲ್ಲಿ ಹುಳ ಹಣ್ಣಾಯಿತು. ಒಂದು ಮನೆಯಿಂದಲೂ ಕರೆ ಬರಲಿಲ್ಲ. ಹುಳದ ಮನೆಯ ಭಯ ಅಂಥದು. ಚುಟ್ಟ ಸೇದಿದವನೂ ಒಳಗೆ ಕಾಲಿಡುವಂತಿಲ್ಲ, ಸೀಮೆಎಣ್ಣೆ ಮುಟ್ಟಿದವನೂ ಕಾಲಿಡುವಂತಿಲ್ಲ. ಕಜ್ಜಿ ಎಂಬ ಹೆಸರು ಹತ್ತಿದವನನ್ನು ಯಾರು ಬಿಟ್ಟುಕೊಳ್ಳುತ್ತಾರೆ? ನನಗೆ ಹೊಲ ಮೊಣಕಾಲುದ್ದ, ಹೆಸರು ಆಕಾಶದುದ್ದ. ಆ ಹೆಸರು ಹೋದರೆ ನಾನು ಮೇಲೂರಿನಲ್ಲಿ ಇನ್ನೊಬ್ಬ ಅಪ್ಪ, ಅಷ್ಟೆ.

ಗಂಗುಲಮ್ಮನ ಎದುರು ಶಪಥ ಮಾಡಿದೆ. "ಅದೇ ಬಾಗಿಲಲ್ಲಿ, ಅದೇ ಜನರ ಎದುರು, ಆ ಮನುಷ್ಯ ತನ್ನ ಬಾಯಾರೆ ಹೇಳಬೇಕು, ಕಜ್ಜಿ ನಮ್ಮನೇದು ಅಂತ. ಹೇಳಿ ನನ್ನ ಒಳಗೆ ಕರೀಬೇಕು. ಅಲ್ಲಿವರೆಗೂ ನಾನು ಗಡ್ಡ ತೆಗ್ಯಲ್ಲ."

"ನಿಂಗೆ ಗಡ್ಡ ಎಲ್ಲಿ ಬರುತ್ತೆ, ನಾಲ್ಕು ಕೂದಲು," ಎಂದಳು ಅವಳು. "ಮೊದ್ಲು ಆ ಮರೀಗೆ ಮದ್ದು ಮಾಡ್ಸು. ಯುದ್ಧ ಆಮೇಲೆ ಮಾಡುವಂತೆ."

ಮಾರನೇ ದಿನ ಸುಬೇದಾರನನ್ನು ಬುಟ್ಟಿಯಲ್ಲಿಟ್ಟು, ಮೇಲೆ ಸೊಪ್ಪು ಮುಚ್ಚಿ, ಚಿಂತಾಮಣಿ ಬಸ್ಸು ಹತ್ತಿದೆ. ಶಿಡ್ಲಘಟ್ಟ ಹತ್ತಿರವೇ ಇತ್ತು, ಆದರೆ ಅಲ್ಲಿ ನನ್ನ ಗುರುತು ಹಿಡಿಯದ ಮನುಷ್ಯನಿರಲಿ, ಎಮ್ಮೆಯೂ ಇರಲಿಲ್ಲ. ದಾರಿಯಲ್ಲಿ ಬುಟ್ಟಿ ಕೆರೆದುಕೊಳ್ಳತೊಡಗಿತು.

"ಏಮಪ್ಪಾ, ಬುಟ್ಟಿಯೊಳಗೇನೈತೆ?" ಎಂದ ಕಂಡಕ್ಟರು.

"ಬದನೆಕಾಯಿ."

"ಬದನೆಕಾಯಿ ಆಕಳಿಸ್ತೈತೆ ಕಣಪ್ಪಾ!"

ಇಳಿಸಿಬಿಟ್ಟ. ಉಳಿದ ದಾರಿ ನಡೆದೆ, ನೂರು ಮೈಲಿ. ನಾಲ್ಕು ಮೈಲಿ ಎನ್ನುವವರು ಬುಟ್ಟಿ ಹೊತ್ತು ನಡೆದು ನೋಡಲಿ.

ಚಿಂತಾಮಣಿಯ ದನದ ಆಸ್ಪತ್ರೆಯಲ್ಲಿ ಚನ್ನಕೇಶವ ಎಂಬ ಎಳೆ ವಯಸ್ಸಿನ ಡಾಕ್ಟರಿದ್ದರು. ಮರಿಯನ್ನು ಮೇಜಿನ ಮೇಲೆ ಮಲಗಿಸಿ, ಕಿವಿಯ ಅಂಚನ್ನು ಚಿಕ್ಕ ಚಾಕುವಿನಿಂದ ರಕ್ತ ಜಿನುಗುವವರೆಗೆ ಕೆರೆದು, ಆ ಹೊಟ್ಟನ್ನು ಗಾಜಿನ ಚೂರಿಗೆ ಹಚ್ಚಿ, ಒಂದು ಹನಿ ಎಣ್ಣೆ ಬಿಟ್ಟು, ದುರ್ಬೀನಿನಂಥ ಒಂದು ಯಂತ್ರದ ಕೆಳಗಿಟ್ಟು ನೋಡಿದರು. ಆಮೇಲೆ ನನ್ನನ್ನೂ ಕರೆದರು.

ಬಗ್ಗಿ ಕಣ್ಣಿಟ್ಟೆ. ಅಯ್ಯಪ್ಪಾ! ಒಂದು ದುಂಡನೆಯ ಜೀವ. ಎಂಟು ಮೋಟು ಕಾಲು. ಮೈತುಂಬ ಮುಳ್ಳುಗೂದಲು. ಉಂಡು ತೇಗಿದ ಹೊಟ್ಟೆ. ಯಾರದೋ ಚರ್ಮದೊಳಗೆ ಬಿಲ ತೋಡಿ ತನ್ನದೇ ಜಹಗೀರೆಂಬಂತೆ ನಿಧಾನವಾಗಿ ಕಾಲಾಡಿಸುತ್ತಿತ್ತು. ಮುಖದ ಎರಡು ಕಡೆಗೂ ಎರಡು ಕೂದಲು ಮೇಲಕ್ಕೆ ತಿರುವಿಕೊಂಡಿದ್ದವು. ನಾನು ಗುರುತು ಹಿಡಿದೆ.

"ಇವರು ನಮ್ಮೂರೋರೇ ಡಾಕ್ಟ್ರೇ," ಎಂದೆ.

ಅವರಿಗೆ ಅರ್ಥವಾಗಲಿಲ್ಲ. "ಇದು ಕಜ್ಜಿ ಹುಳ. ಬರಿಗಣ್ಣಿಗೆ ಕಾಣಲ್ಲ. ನಿಮ್ಮ ಮನೇಲಿ ಬೇರೆ ನಾಯಿ ಉಂಟೋ?"

"ಇಲ್ಲ ಸ್ವಾಮಿ. ಗೋಡೇಲಿ ಐತಂತೆ ಕಜ್ಜಿ."

"ಗೋಡೇಲಿ ಹುಟ್ಟೋದಲ್ಲಪ್ಪ ಇದು. ನಾಯಿಂದ ನಾಯಿಗೆ ಬರೋದು. ಮರಿಗೆ ತಾಯಿಂದ ಬರುತ್ತೆ. ದೊಡ್ಡ ನಾಯಿಗೆ ಮೊದಮೊದಲು ಗೊತ್ತಾಗಲ್ಲ, ಕಿವಿ ಅಂಚಲ್ಲಿ ಚೂರು ಹೊಟ್ಟು, ಅಷ್ಟೇ. ಆಮೇಲೆ ಒಂದೇ ಸಲ ಏಳುತ್ತೆ. ಜೊತೇಲಿರೋ ಮನುಷ್ಯರಿಗೂ ನವೆ ಆಗುತ್ತೆ. ನಾಯಿ ವಾಸಿಯಾದ್ರೆ ಅವರದೂ ಹೋಗುತ್ತೆ."

ನಾನು ಆ ಡಾಕ್ಟರ ಕಾಲಿಗೆ ಬೀಳಲು ಹೋದೆ. ಅವರು ಮರಿ ಹಿಡಿದುಕೊಳ್ಳಿ ಎಂದರು.

ಮದ್ದು ಸುಲಭದ್ದು. ಗ್ರಂಧಿಗೆ ಅಂಗಡಿಯ ಗಂಧಕ ಒಂದು ಪಾಲು, ಹೊಂಗೆ ಎಣ್ಣೆ ಎಂಟು ಪಾಲು, ಸಣ್ಣ ಉರಿಯಲ್ಲಿ ಕಲಕಿ ಕಾಯಿಸಿ ಆರಿಸುವುದು. ಮೈಯ ಕೂದಲು ಕತ್ತರಿಸಿ, ಬೆಚ್ಚನೆ ನೀರಿನಲ್ಲಿ ಸೋಪು ಹಾಕಿ ತೊಳೆದು, ಹೊಟ್ಟು ನೆನೆದ ಮೇಲೆ ಒರೆಸಿ, ಕಿವಿಯ ಅಂಚಿನಿಂದ ಬಾಲದ ತುದಿಯವರೆಗೆ ತಿಕ್ಕಿ ಹಚ್ಚಬೇಕು. ಕಣ್ಣಿಗೆ ತಾಗಬಾರದು, ನಾಯಿ ನೆಕ್ಕಬಾರದು. ಐದು ದಿನಕ್ಕೊಮ್ಮೆ, ಮೂರು ಸಲ. ಮಲಗುವ ಗೋಣಿಯನ್ನು ಪ್ರತಿ ಸಲವೂ ಸುಡಬೇಕು. ಒಂದು ಸಲ ಹಚ್ಚಿ ನವೆ ನಿಂತಿತೆಂದು ಬಿಟ್ಟರೆ ಚರ್ಮದೊಳಗಿನ ಮೊಟ್ಟೆ ಒಡೆದು ಮತ್ತೆ ಮೊದಲಿನಂತೆ ಆಗುತ್ತದೆ.

ಹರಿದ ಮೊರದ ನಡುವೆ ತೂತು ಮಾಡಿ ಸುಬೇದಾರನ ಕುತ್ತಿಗೆಗೆ ತೊಡಿಸಿದೆ, ನೆಕ್ಕದಂತೆ. ಮೊರದೊಳಗೆ ಮುಖ ಇಟ್ಟುಕೊಂಡು ಅವನು ನನ್ನನ್ನು ನೋಡಿದ. ಹಿತ್ತಲಿನಲ್ಲಿ ಕುಳಿತು ತಿಕ್ಕತೊಡಗಿದೆ. ಬೇರೆಯವರಾದರೆ ಬೇಸರಪಡುತ್ತಿದ್ದರು. ನನಗೆ ಆ ಕೆಲಸದಲ್ಲಿ ಹಬ್ಬದೂಟದ ರುಚಿ. ಹೆಬ್ಬೆರಳಿನ ಒಂದೊಂದು ತಿಕ್ಕಿಗೂ ಒಬ್ಬೊಬ್ಬ ರಾಮಾಂಜಿನಪ್ಪ ಸಾಯುತ್ತಿದ್ದ. ಎಡಗಿವಿಯಲ್ಲಿ ಎರಡು ಸಾವಿರ. ಕಂಕುಳಲ್ಲಿ ಹತ್ತು ಸಾವಿರ, ಮಕ್ಕಳು ಮರಿ ಸಮೇತ. ಬಾಲದ ಬುಡದಲ್ಲಿ ಅವರ ಮುತ್ತಾತಂದಿರು ಸಿಕ್ಕರು, ಅವರನ್ನೂ ಬಿಡಲಿಲ್ಲ.

"ಒಬ್ಬೊಬ್ಬರ ಹೆಸರೂ ಯಾಕೆ ಕೂಗ್ತೀಯ, ಸುಮ್ನೆ ಹಚ್ಚು," ಎಂದಳು ಗಂಗುಲಮ್ಮ, ಮೂಗು ಮುಚ್ಚಿಕೊಂಡು.

ಮೂರನೇ ಸಲ ಹಚ್ಚುವ ಹೊತ್ತಿಗೆ ಕೆರೆತ ನಿಂತಿತ್ತು. ನನ್ನ ಮುಂಗೈಯ ಗುಳ್ಳೆಯೂ ಒಣಗಿತ್ತು. ಎರಡು ತಿಂಗಳಿಗೆ ಸುಬೇದಾರನ ಮೈಮೇಲೆ ಎಷ್ಟು ಕೂದಲು ಬಂತೆಂದರೆ ಕಂಬಳಿ ನೇಯುವವರು ಬಂದು ವಿಚಾರಿಸಿಕೊಂಡು ಹೋದರು. ಅವನನ್ನು ಊರ ಬೀದಿಯಲ್ಲಿ ದಿನಕ್ಕೆ ಮೂರು ಸಲ ನಡೆಸಿದೆ. ಜನ ನಾಯಿಯನ್ನು ನೋಡಿ, "ಚೆನ್ನಾಗಾಯ್ತು ಕಣೋ," ಎಂದರು. ನನ್ನನ್ನು ಮಾತ್ರ ಹುಳದ ಮನೆಗೆ ಕರೆಯಲಿಲ್ಲ. ನಾಯಿಗೆ ಹತ್ತಿದ್ದು ಹೋಯಿತು, ಹೆಸರಿಗೆ ಹತ್ತಿದ್ದು ಹೋಗಲಿಲ್ಲ.

ಚಿಂತಾಮಣಿಯ ಡಾಕ್ಟರ ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಎರ್ರಪ್ಪ, "ನೀನು ಹೇಳಿದ್ದನ್ನ ನಾವು ಯಾವತ್ತು ನಂಬಿದ್ದೀವಪ್ಪಾ ಆವುಲಪ್ಪಾ?" ಎಂದ. ಜೀವಮಾನದಲ್ಲಿ ಒಂದೇ ಒಂದು ನಿಜ ಹೇಳಿದ್ದೆ, ಅದಕ್ಕೆ ಈ ಗತಿ.

ಕಾದೆ. ಮಾಘದ ಕೊನೆಗೆ ಗಂಗುಲಮ್ಮ ಬಾವಿಯಿಂದ ಬರುತ್ತಲೇ ಕೊಡ ಇಳಿಸದೆ ಹೇಳಿದಳು: "ರಾಣಿಯನ್ನ ಹತ್ತು ದಿನದಿಂದ ಯಾರೂ ನೋಡಿಲ್ವಂತೆ. ತೋಟದ ಗುಡಿಸಲಲ್ಲಿ ಬಚ್ಚಿಟ್ಟವ್ರಂತೆ. ಮೈಮೇಲೆ ಒಂದು ಕೂದಲಿಲ್ವಂತೆ."

"ಯಜಮಾನ್ರು?"

"ಪಂಚಾಯ್ತಿ ಕಟ್ಟೇಲಿ ಕೂತು ಕಂಬಕ್ಕೆ ಬೆನ್ನು ಉಜ್ತಿದ್ರಂತೆ."

ನಾನು ಬಾಗಿಲು ಹಾಕಿ ಕುಣಿದೆ. ಆ ಕುಣಿತಕ್ಕೆ ಮನೆಯ ಹೆಂಚು ಹನ್ನೊಂದು ಜಾರಿದವು.

ಮಾರನೇ ಬೆಳಿಗ್ಗೆ ಅವರ ಹೆಂಡತಿ ವೆಂಕಟರತ್ನಮ್ಮನವರು ಹಿತ್ತಲ ಬಾಗಿಲಿಗೆ ಬಂದರು. ಹುಳದ ಮನೆಯೊಳಗೆ ರಾಮಾಂಜಿನಪ್ಪನವರ ಮಾತೂ ನಡೆಯುತ್ತಿರಲಿಲ್ಲ, ಅಲ್ಲಿ ಆಯಮ್ಮನದೇ ಆಡಳಿತ. ಅವತ್ತು ಸೆರಗು ತಲೆಯ ಮೇಲೆ ಎಳೆದುಕೊಂಡು ಮೆಲ್ಲಗೆ ಮಾತಾಡಿದರು.

"ಆವುಲಪ್ಪಾ, ನಿನ್ನ ನಾಯಿಗೆ ಏನು ಹಚ್ಚಿದ್ಯೋ ಅದು ಚೂರು ಬೇಕಾಗಿತ್ತಪ್ಪ."

"ಯಾರಿಗಮ್ಮ? ನಿಮ್ಮ ಮನೇಲಿ ಯಾರಿಗೂ ಕಜ್ಜಿ ಇಲ್ವಲ್ಲ."

"ಚುಚ್ಚಬೇಡ್ವೋ. ಡಾಕ್ಟ್ರ ಹತ್ರ ಹೋದ್ರೆ ಮೂರು ತಾಲ್ಲೂಕಿಗೆ ಗೊತ್ತಾಗುತ್ತೆ ಅಂತ ಇವರು ಒಪ್ತಿಲ್ಲ. ಹುಳ ಬೇರೆ ನಾಲ್ಕನೇ ಜ್ವರ ಎದ್ದು ಮೇಯ್ತಾ ಅವೆ." ಹುಳ ಪೊರೆ ಬಿಡುವಾಗ ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಮೇದದ್ದೇ ಮೇದದ್ದು, ಆಮೇಲೆ ಹಣ್ಣು.

"ಸಾಯಂಕಾಲದ ಒಳಗೆ ಹೇಳಿ ಕಳಿಸ್ತೀನಿ, ಹೋಗಿಬನ್ನಿ," ಎಂದೆ.

ಆಯಮ್ಮ ಹೋದ ಮೇಲೆ ನನ್ನ ತಲೆಗೆ ಏನು ಬಂತೋ ಅದನ್ನು ಬಚ್ಚಿಡುವುದಿಲ್ಲ. ಉಳಿದಿದ್ದ ಗಂಧಕವನ್ನೆಲ್ಲ ಕಾಗದದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಒಲೆಯಿಂದ ಮೂರು ಕೆಂಡವನ್ನು ಓಡಿನ ಚೂರಿಗೆ ಹಾಕಿಕೊಂಡೆ. ಅವರ ಹುಳದ ಮನೆಯ ಹಿಂದಿನ ಕಿಟಕಿಯ ಕೆಳಗೆ ಕೆಂಡದ ಮೇಲೆ ಒಂದು ಹಿಡಿ ಗಂಧಕ. ಅಷ್ಟು ಸಾಕು. ಆ ಹೊಗೆ ಒಳಗೆ ಹೋದರೆ ಬೆಳೆಯಷ್ಟೂ ಅರ್ಧ ಗಂಟೆಯಲ್ಲಿ ತಲೆ ನೇತುಹಾಕಿ ಕಪ್ಪಗಾಗುತ್ತದೆ. ರಾಮಾಂಜಿನಪ್ಪನವರು ಅದನ್ನು ಮೊರದಲ್ಲಿ ಗೋರಿ ತಿಪ್ಪೆಗೆ ಹಾಕಬೇಕು, ನಾನು ಎದುರು ನಿಂತು ನೋಡಬೇಕು.

ಗಂಗುಲಮ್ಮ ಬಾಗಿಲಲ್ಲಿ ನಿಂತು ಕೆಂಡ ನೋಡಿದಳು, ನನ್ನ ಸೊಂಟ ನೋಡಿದಳು. "ನಿನ್ನ ಕೈ ನಿನ್ನದು," ಎಂದಳು. ಅಷ್ಟೇ. ಅವಳು ಬೈದಿದ್ದರೆ ಸಲೀಸಾಗಿ ಹೋಗುತ್ತಿದ್ದೆ.

ನಡುಮಧ್ಯಾಹ್ನ. ಹಿಂದಿನ ಕಿಟಕಿಯ ಕೆಳಗೆ ಕೂತೆ. ಗೋಣಿತಾಟಿನ ಪರದೆಯಾಚೆ ಹುಳ ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು, ಒಣ ಎಲೆಯ ಮೇಲೆ ಜಡಿಮಳೆ ಬಿದ್ದ ಹಾಗೆ. ಆ ಸದ್ದು ಕೇಳಿಯೇ ಎಷ್ಟನೇ ದಿನವೆಂದು ಹೇಳಬಲ್ಲವನು ನಾನು. ಇಪ್ಪತ್ತು ವರ್ಷದಲ್ಲಿ ನನ್ನ ಬೆರಳಿನಿಂದ ಒಂದು ಹುಳ ನೊಂದಿಲ್ಲ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಗಂಧಕದ ಪೊಟ್ಟಣ ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ. ಹಾಗೆ ಕೂತಿರುವಾಗ ಪಕ್ಕದ ತಿಪ್ಪೆ ಕಣ್ಣಿಗೆ ಬಿತ್ತು.

ಬೆಳಿಗ್ಗೆ ತಟ್ಟೆಯಿಂದ ತೆಗೆದು ಚೆಲ್ಲಿದ ಕಸ, ತಿಂದುಳಿದ ಕಡ್ಡಿ, ಹುಳದ ಹಿಕ್ಕೆ. ಮೇಯುವ ಹುಳದ ಹಿಕ್ಕೆ ಸಾಸುವೆಗಿಂತ ದಪ್ಪ, ಗಟ್ಟಿ, ಕಪ್ಪು. ಇದು ಹಾಗಿರಲಿಲ್ಲ. ಒಂದನ್ನು ಹಿಸುಕಿ ನೋಡಿದೆ. ಮೆತ್ತಗಿತ್ತು, ಹಸಿರಾಗಿತ್ತು, ನೀರು ಬಿಟ್ಟಿತು. ಹೊಟ್ಟೆ ಖಾಲಿ ಮಾಡಿಕೊಳ್ಳುತ್ತಿವೆ! ಆ ವರ್ಷ ಶಿವರಾತ್ರಿಗೆ ಮುಂಚೆಯೇ ಸೆಖೆ ಶುರುವಾಗಿತ್ತು, ಸೆಖೆಗೆ ಹುಳ ಬೇಗ ಹಣ್ಣಾಗುತ್ತದೆ. ರಾಮಾಂಜಿನಪ್ಪನವರು ತಿಪ್ಪೆಯ ಕಡೆ ಮೂಗು ತಿರುಗಿಸುವವರಲ್ಲ. ನಾಲ್ಕನೇ ಜ್ವರ ಎದ್ದ ದಿನ ಕ್ಯಾಲೆಂಡರಿನಲ್ಲಿ ಗೀಟು ಹಾಕಿ, ಅಲ್ಲಿಂದ ಬೆರಳು ಮಡಿಸಿ, ಇಂಥ ದಿನವೇ ಹಣ್ಣೆಂದು ಊರಿಗೆ ಸಾರುವವರು. ಹೆಂಡತಿ ಏನಾದರೂ ಅಂದರೆ, "ಕ್ಯಾಲೆಂಡರ್ ಸುಳ್ಳಾಡುತ್ತೇನೇ?" ಎನ್ನುವವರು. ಅವರ ಲೆಕ್ಕಕ್ಕೆ ಇನ್ನೂ ಮೂರು ದಿನವಿತ್ತು. ಹುಳದ ಲೆಕ್ಕಕ್ಕೆ ನಾಳೆ ಬೆಳಿಗ್ಗೆ.

ಓಡಿನ ಚೂರನ್ನು ಮಗುಚಿ ಕೆಂಡದ ಮೇಲೆ ಮಣ್ಣು ಎಳೆದೆ. ಸೀದಾ ಅವರ ಮುಂಬಾಗಿಲಿಗೆ ಹೋಗಿ, ಬೀದಿಯಲ್ಲೇ ನಿಂತು ಕೂಗಿದೆ: "ಅಮ್ಮಾ, ಇವತ್ತೇ ಸಂಜೆ ಬಿಸಿಲಿರೋವಾಗ ಕಳಿಸಿ. ಯಜಮಾನ್ರೇ ಬರಬೇಕು. ರಾಣಿ ಬೇರೆಯವರ ಕೈ ಕಚ್ಚುತ್ತೆ."

ಬಂದರು. ರಾಣಿಗೆ ಕಾಶ್ಮೀರದ ಶಾಲು ಹೊದಿಸಿ, ಮದುಮಗಳನ್ನು ಕರೆತರುವಂತೆ ಹಿತ್ತಲ ಸಂದಿಯಿಂದ ಕರೆತಂದರು. ಶಾಲು ತೆಗೆದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸುಬೇದಾರ ನಾಲ್ಕು ಹೆಜ್ಜೆ ಸರಿದ. ಹದ ಮಾಡದ ತೊಗಲಿಗೆ ನಾಲ್ಕು ಕಾಲು ಬಂದಂತಿತ್ತು.

"ಇದು ನಿನ್ನ ಮರಿಯಿಂದಲೇ ಬಂದಿದ್ದು," ಎಂದರು ರಾಮಾಂಜಿನಪ್ಪನವರು, ಮೊಣಕೈ ಕೆರೆಯುತ್ತ.

"ಇರಬಹುದು ಯಜಮಾನ್ರೇ. ಮಕ್ಕಳು ತಾಯಿನ ಹಡೆಯೋ ಕಾಲ."

ಕಣ್ಣು ಕೆಂಪಗೆ ಮಾಡಿದರು. ಆದರೆ ಕೈ ಬೆನ್ನಿನ ಕಡೆ ಹೋಗಿದ್ದರಿಂದ ಮಾತು ಮುಂದುವರಿಯಲಿಲ್ಲ.

ಗಂಗುಲಮ್ಮ ಕಾಯಿಸಿದ ಮದ್ದಿನ ಮಡಕೆಯನ್ನು ಅವರ ಎದುರಿಗಿಡಿಸಿ ನಾನು ಒರಳುಕಲ್ಲಿನ ಮೇಲೆ ಕುಳಿತೆ. ಒಂದು ತೊಟ್ಟನ್ನೂ ಮುಟ್ಟಲಿಲ್ಲ. "ನೀವೇ ಹಚ್ಚಬೇಕು. ಬರಿ ಅಂಗೈ ಸಾಲದು, ಮೊಣಕೈವರೆಗೂ ಅದ್ದಿ. ಹಾಂ, ಕಿವಿ ಒಳಗೆ. ಬಾಲ ಎತ್ತಿ. ಇನ್ನೂ ಎತ್ತಿ. ನಾಚ್ಕೋಬೇಡಿ, ಅದು ನಿಮ್ಮ ನಾಯಿ."

"ಇದರ ವಾಸನೆ ಎಷ್ಟು ದಿನ ಇರುತ್ತೋ? ನನ್ನ ಹುಳ ಹಣ್ಣಾಗಕ್ಕೆ ಇನ್ನೂ ಮೂರು ದಿನ ಐತೆ."

"ಸೀಗೆಕಾಯಿ ಹಾಕಿ ತಿಕ್ಕಿದ್ರೆ ಮೂರನೇ ದಿನಕ್ಕೆ ಹೋಗುತ್ತೆ."

ನೋಡಿ, ನಾನು ಸುಳ್ಳಾಡಲಿಲ್ಲ. ಅವರ ದಿನದ ಲೆಕ್ಕ ತಪ್ಪಿತ್ತು, ಅದನ್ನು ತಿದ್ದಲು ನನ್ನನ್ನು ಯಾರೂ ಕೂಗಿರಲಿಲ್ಲ.

ರಾಣಿಯದು ಮುಗಿಯಿತು. ಅವರು ಮಡಕೆಯ ತಳದಲ್ಲಿ ಉಳಿದದ್ದನ್ನು ನೋಡಿದರು. ಆಚೀಚೆ ನೋಡಿದರು. "ಇದು... ಮನುಷ್ಯರಿಗೆ ಹಚ್ಚಿದ್ರೆ?"

"ಯಾರಾದ್ರೂ ಕೂಲಿಯಾಳಿಗೆ ಬೇಕಿತ್ತಾ ಯಜಮಾನ್ರೇ?"

"ಹೂಂ, ಕೂಲಿಯಾಳಿಗೆ."

"ಅವನ ಅಂಗಿ ತೆಗೆಸಿ, ಬೆನ್ನಿಗೆ ಚೆನ್ನಾಗಿ ತಿಕ್ಕಿ ಅನ್ನಿ."

ನಾನು ದೊಡ್ಡ ಮನಸ್ಸು ಮಾಡಿ ಗೋಡೆಯ ಕಡೆ ತಿರುಗಿ ಕುಳಿತೆ. ಅಂಗಿ ಬಿಚ್ಚಿದ ಸದ್ದು, ಬೆನ್ನಿಗೆ ಎಣ್ಣೆ ತಿಕ್ಕಿದ ಸದ್ದು, ಆಮೇಲೆ "ಅಬ್ಬಾ... ಅಮ್ಮಾ..." ಎಂದು ಸುಖದ ನರಳಾಟ. ಮೀಸೆಗೂ ಹಚ್ಚಿಕೊಂಡಿದ್ದರು. ಅವರು ಶಾಲು ಮರೆತು ಹೋದರು. ಆ ವಾಸನೆಗೆ ದಾರಿಯಲ್ಲಿದ್ದ ಬೇವಿನ ಮರ ಎಲೆ ಉದುರಿಸಿತು, ಆದರೂ ಅವರ ಮುಖದಲ್ಲಿ ಮದುವೆಯ ಕಳೆ ಇತ್ತು.

ಬೆಳಿಗ್ಗೆ ಸೂರ್ಯ ಮೂಡುವ ಮೊದಲೇ ಸ್ನಾನ ಮಾಡಿ, ಮಡಿ ಉಟ್ಟು ಜಗುಲಿಯ ಮೇಲೆ ಕುಳಿತೆ. ಬಿಸಿಲು ಹೆಂಚಿಗೆ ಬಿದ್ದದ್ದೇ ತಡ, ವೆಂಕಟರತ್ನಮ್ಮನವರ ಧ್ವನಿ ಊರೆಲ್ಲ ಕೇಳಿಸಿತು: "ಹಣ್ಣಾಗಿಬಿಟ್ಟವೆ! ಎಲ್ಲಾ ತಟ್ಟೇನೂ ಒಂದೇ ಸಲ! ಬನ್ರೇ, ಬನ್ರೋ!"

ನಾನು ಹೋಗುವ ಹೊತ್ತಿಗೆ ಹುಳದ ಮನೆಯ ಮುಂದೆ ಆ ಇಪ್ಪತ್ತು ಜನವೂ ಇದ್ದರು, ಮೇಲೆ ಇನ್ನೂ ಹತ್ತು ಜನ. ರಾಮಾಂಜಿನಪ್ಪನವರು ಬಾಗಿಲಿಗೆ ಧಾವಿಸಿದ್ದರು. ಅವರ ಮನೆತನದಲ್ಲಿ ಒಂದು ಪದ್ಧತಿ: ಮೊದಲ ಹಣ್ಣು ಹುಳವನ್ನು ಯಜಮಾನನೇ ಕೈಯಾರೆ ಚಂದ್ರಿಕೆಗೆ ಬಿಡಬೇಕು, ಆಮೇಲೆ ಉಳಿದವರು. ಅವರಪ್ಪ ಬಿಟ್ಟಿದ್ದರು, ತಾತ ಬಿಟ್ಟಿದ್ದರು. ಆದರೆ ಈಗ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತದ್ದು ವೆಂಕಟರತ್ನಮ್ಮನವರು.

"ಹಿಂದಕ್ಕೆ ಸರೀರಿ! ಮೈಯೆಲ್ಲಾ ಗಂಧಕ ನಾರ್ತಾ ಐತೆ. ಒಳಗೆ ಬಂದ್ರೆ ಒಂದು ಹುಳ ಉಳಿಯಲ್ಲ."

"ಲೇ, ನಾನು ಮೂರು ಸಲ ಸ್ನಾನ ಮಾಡಿದ್ದೀನಿ ಕಣೇ!"

"ಮುನ್ನೂರು ಸಲ ಮಾಡಿ. ಕ್ಯಾಲೆಂಡರ್ ನೋಡ್ಕೊಂಡು ನಿಂತ್ಕೊಳ್ಳಿ ಅಲ್ಲೇ."

ಜನ ಮೂಗು ಹಿಡಿದುಕೊಂಡರು. ಯಾರಿಗೂ ಕೇಳುವ ಅಗತ್ಯವಿರಲಿಲ್ಲ. ಗಂಧಕ, ಹೊಂಗೆ ಎಣ್ಣೆ ಎರಡೂ ಸೇರಿ ನಾರಿದರೆ ಅದೇನೆಂದು ಮೇಲೂರಿನ ಪ್ರತಿ ಮೂಗಿಗೂ ಗೊತ್ತಿತ್ತು; ಮೂರು ತಿಂಗಳ ಹಿಂದೆ ನನ್ನ ಹಿತ್ತಲಿನಿಂದ ಅದೇ ವಾಸನೆ ಬಂದಿತ್ತು.

"ಆವುಲಪ್ಪಾ, ಬಾರಪ್ಪಾ ಒಳಗೆ," ಎಂದು ಕೂಗಿದರು ಆಯಮ್ಮ. "ಇಷ್ಟು ತಟ್ಟೆ ಇವರ ಕೈಲಿ ಆಗಲ್ಲ. ನಿನ್ನ ಕೈ ಬೇಕು."

ನಾನು ಒಂದು ಹೆಜ್ಜೆ ಹಿಂದೆ ಇಟ್ಟೆ. "ಹೆಂಗೆ ಬರ್ಲಮ್ಮ? ನಮ್ಮನೆ ಗೋಡೇಲಿ ಕಜ್ಜಿ ಐತಂತೆ. ಯಜಮಾನ್ರು ಇದೇ ಜಾಗದಲ್ಲಿ, ಇವರ ಎದುರಿಗೇ ಹೇಳವ್ರೆ. ದೊಡ್ಡೋರ ಮಾತು, ನಾನು ಮೀರಕ್ಕಾಗುತ್ತಾ?"

ಎಲ್ಲರೂ ರಾಮಾಂಜಿನಪ್ಪನವರ ಕಡೆ ತಿರುಗಿದರು. ಅವರ ಕತ್ತಿನ ನರ ಎದ್ದಿತು.

"ಏನೋ, ಸಮಯ ಸಾಧಿಸ್ತೀಯಾ?"

"ಹೌದು ಯಜಮಾನ್ರೇ."

"ಆಯ್ತು, ಆಯ್ತು. ಯಾವತ್ತೋ ಒಂದು ಮಾತು ಅಂದೆ. ಒಳಗೆ ಹೋಗು."

"ಯಾವ ಮಾತು ಅಂದ್ರಿ, ಅದು ಹೆಂಗೆ ತಪ್ಪು, ಕೇಳಿಸ್ಲಿಲ್ಲ. ಎರ್ರಪ್ಪಾ, ನಿನಗೆ ಕೇಳಿಸ್ತಾ?"

ಎರ್ರಪ್ಪ ತನ್ನ ಕಾಲ ಹೆಬ್ಬೆರಳು ನೋಡಿಕೊಂಡ.

ಒಳಗಿನಿಂದ ಒಬ್ಬ ಹೆಂಗಸು ಕೂಗಿದಳು, "ಅಮ್ಮಾ, ಮೂರನೇ ಅಂಕಣದಲ್ಲಿ ಸೊಪ್ಪಿಗೇ ನೂಲು ಬಿಡ್ತಾ ಅವೆ!" ವೆಂಕಟರತ್ನಮ್ಮನವರು ಹಣೆ ಚಚ್ಚಿಕೊಂಡರು. "ಹೇಳ್ರೀ ಬೇಗ! ನಿಮ್ಮ ಮೀಸೆ ದೊಡ್ಡದಾ, ಬೆಳೆ ದೊಡ್ಡದಾ?"

ರಾಮಾಂಜಿನಪ್ಪನವರು ನನ್ನನ್ನು ನೋಡಿದರು. ಆ ನೋಟದಲ್ಲಿ ನಾನು ಬೆಂದು ಬೂದಿಯಾಗಬೇಕಿತ್ತು, ಆಗಲಿಲ್ಲ. ಅಷ್ಟರಲ್ಲಿ ಅವರ ಕೈ ತಾನಾಗಿಯೇ ಬೆನ್ನಿಗೆ ಹೋಯಿತು, ಮೂವತ್ತು ಜನರ ಎದುರು ಕೆರೆಯಿತು, ನಾಚಿ ಕೆಳಗಿಳಿಯಿತು.

"ಕಜ್ಜಿ ನಮ್ಮನೇದು," ಎಂದರು. "ರಾಣಿದು. ಅವಳಿಂದ ಆ ಮರಿಗೆ ಹೋಗಿದ್ದು. ಆವುಲಪ್ಪನ ಕೈ ಶುದ್ಧ. ಸಾಕೇನೋ?"

"ಕರೀರಿ."

"...ಬಾರಪ್ಪಾ ಆವುಲಪ್ಪಾ. ಒಳಗೆ ಬಾ."

ಕಾಲು ತೊಳೆದು ಒಳಗೆ ಹೋದೆ. ತಟ್ಟೆ ತುಂಬ ಬಂಗಾರದ ಹುಳ, ಎಲ್ಲವೂ ತಲೆಯೆತ್ತಿ ತೂಗುತ್ತಿದ್ದವು. ವೆಂಕಟರತ್ನಮ್ಮನವರು ಚಂದ್ರಿಕೆಯನ್ನು ನನ್ನ ಎದುರಿಗೇ ಒರಗಿಸಿದರು. "ಮೊದಲನೇದು ನೀನೇ ಬಿಡು," ಎಂದರು. ಕಿಟಕಿಯ ಗೋಣಿತಾಟು ಸರಿಯಿತು. ಆಚೆ ಎರಡು ಕಣ್ಣು, ಒಂದು ಮೀಸೆ. ಅವರಪ್ಪ, ತಾತ ಬಿಟ್ಟ ಹುಳವನ್ನು ನಾನು ಬಿಡುವುದನ್ನು ಅವರು ನೋಡಬೇಕೆಂದು, ನಿಮಿಷಕ್ಕೆ ನಾನೂರು ಆರಿಸುವ ನಾನು ಆ ಒಂದೇ ಹುಳಕ್ಕೆ ಬಹಳ ಹೊತ್ತು ತೆಗೆದುಕೊಂಡೆ.

ಮಧ್ಯಾಹ್ನದವರೆಗೂ ಆ ಕಣ್ಣು ಅಲ್ಲಿಂದ ಕದಲಲಿಲ್ಲ.

"ಆವುಲಪ್ಪಾ, ಹೆಂಗೈತೋ ಬೆಳೆ?"

ನಾನು ಕೆಲಸ ಮುಂದುವರಿಸಿದೆ.

"ಆವುಲಪ್ಪಾ, ಮೂರನೇ ಅಂಕಣದ್ದು ಹಾಳಾಯ್ತಾ? ಒಂದು ಮಾತು ಹೇಳೋ."

ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಮನುಷ್ಯ ನಾನು. ನಿದ್ದೆಯಲ್ಲೂ ಮಾತಾಡುತ್ತೇನೆಂದು ಗಂಗುಲಮ್ಮ ಬೇರೆ ಚಾಪೆ ಹಾಸಿಕೊಳ್ಳುತ್ತಾಳೆ. ನಾಲಿಗೆಯ ತುದಿಯಲ್ಲಿ ಹತ್ತು ಸಾವಿರ ಮಾತು ಕುದಿಯುತ್ತಿದ್ದವು. ಮೂರನೇ ಅಂಕಣದಲ್ಲಿ ಹತ್ತು ಹನ್ನೆರಡು ಹುಳ ಬಿಟ್ಟರೆ ಬೇರೆ ಏನೂ ಹಾಳಾಗಿರಲಿಲ್ಲ. ಅಂಥ ಬೆಳೆಯನ್ನು ನಾನು ಆವರೆಗೆ ಕಂಡಿರಲಿಲ್ಲ.

"ಅಪ್ಪಾ ಆವುಲಪ್ಪಾ, ಚೆನ್ನಾಗೈತೆ ಅಂತಾನಾದ್ರೂ ಅನ್ನೋ. ಇಲ್ಲ ಅಂತಾನಾದ್ರೂ ಅನ್ನೋ."

ಒಂದು ಹುಳವನ್ನು ಬೆಳಕಿಗೆ ಹಿಡಿದೆ. ಅದರ ಮೈಯೊಳಗಿನ ನೂಲು ಆಚೆಯಿಂದ ಈಚೆಗೆ ಕಾಣುತ್ತಿತ್ತು. ಮೆಲ್ಲಗೆ ಚಂದ್ರಿಕೆಗೆ ಬಿಟ್ಟು, ಕಿಟಕಿಗೆ ಬೆನ್ನು ಮಾಡಿ, ಮುಂದಿನದಕ್ಕೆ ಕೈ ಹಾಕಿದೆ.